ಚೊಂಬು: ತಂಬಿಗೆ ನೋಡಿ

ಬೀಗಿತ್ತಿಯರ ನಡುವೆ ಮನಸ್ತಾಪ ಹುಟ್ಟಲು ಲೋಕದಲ್ಲಿ ಕಾರಣಗಳಿಗೆ ಬರವಿಲ್ಲ. ಸೀರೆಯ ಬಣ್ಣ, ಪಂಕ್ತಿಯಲ್ಲಿ ಕೂರಿಸಿದ ಜಾಗ, ಮದುವೆ ಫೋಟೋದಲ್ಲಿ ಅರ್ಧ ಕತ್ತರಿಸಿಹೋದ ಮುಖ, ಯಾವುದಾದರೂ ಸಾಕು. ನಮ್ಮ ಮನೆಯಲ್ಲಿ ಮಾತ್ರ ಅದು ಹುಟ್ಟಿದ್ದು ‘ನೋಡಿ’ ಎಂಬ ಒಂದು ಪದದಿಂದ. ಆ ಪದವನ್ನು ಹಾಕಿದವನು ನಾನೇ. ಅದನ್ನೂ ಗೌರವದ ಬಹುವಚನದಲ್ಲೇ ಹಾಕಿದ್ದೆ. ಆದರೂ ಏನೂ ಉಪಯೋಗವಾಗಲಿಲ್ಲ.

ನನ್ನ ಅವ್ವನ ತವರು ಉಡುತಡಿ. ಅಲ್ಲಿ ಮಾವಂದಿರು ಈಗಲೂ ಕುರಿ ಸಾಕುತ್ತಾರೆ. ನನ್ನ ಅತ್ತೆ, ಅಂದರೆ ಹೆಂಡತಿ ಸುಮಾಳ ತಾಯಿ, ಸೊರಬದಾಚೆ ಉಳವಿಯವರು. ಅವರದು ಭತ್ತದ ಗದ್ದೆ. ನಾವು ಶಿಕಾರಿಪುರದಲ್ಲಿದ್ದೇವೆ, ಅವ್ವ ನಮ್ಮ ಜೊತೆಗಿದ್ದಾಳೆ. ಒಮ್ಮೆ ಅತ್ತೆ ಬಂದಿದ್ದಾಗ ಅಡುಗೆಮನೆಯಲ್ಲಿ ಅಕ್ಕಿ ಚೆಲ್ಲಿತು. ಅವರು ಅವ್ವನನ್ನು ‘ಹಿಡಿ ಎಲ್ಲಿಟ್ಟಿದ್ದೀರಿ’ ಎಂದು ಕೇಳಿದರು. ಯಾವುದರ ಹಿಡಿ ಎಂದಳು ಅವ್ವ. ಗುಡಿಸೋ ಹಿಡಿ ಎಂದರು ಅತ್ತೆ. ಕೊಡಲಿಯ ಹಿಡಿ, ಕುಡುಗೋಲಿನ ಹಿಡಿಯನ್ನೆಲ್ಲ ಬಲ್ಲ ಅವ್ವ, ಗುಡಿಸುವ ಹಿಡಿಯ ಹೆಸರನ್ನೇ ಕೇಳಿರಲಿಲ್ಲ. ಕೊನೆಗೆ ಅತ್ತೆ ಬಗ್ಗಿ ಗಾಳಿಯಲ್ಲೇ ನೆಲ ಗುಡಿಸಿ ತೋರಿಸಿದಾಗ, ‘ಓ, ಕಸಬರಿಗಿ ಅನ್ರಿ’ ಎಂದು ಅವ್ವ ನಕ್ಕಳು. ಇಬ್ಬರೂ ನಗುತ್ತಾ ಅಲ್ಲೇ ಕುಸಿದು ಕೂತರು. ಅಕ್ಕಿಯನ್ನು ಸುಮಾ ಗುಡಿಸಿದಳು. ಗುಡಿಸುತ್ತಲೇ ಅವಳಿಗೆ ಹೊಳೆಯಿತು: ಇವರಿಬ್ಬರ ಮಾತುಗಳನ್ನೂ ಸೇರಿಸಿ ಒಂದು ಪುಟ್ಟ ಪದಗಳ ಪುಸ್ತಕ ಮಾಡಿದರೆ ಹೇಗೆ?

ಪುಸ್ತಕ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಯಂತ್ರಗಳ ಜೊತೆ ಬರುತ್ತವಲ್ಲ, ಯಾರೂ ಓದದ ದಪ್ಪ ಕೈಪಿಡಿಗಳು, ಅವುಗಳನ್ನು ಸಿದ್ಧಮಾಡುವುದೇ ಮನೆಯಲ್ಲಿ ಕೂತು ನಾನು ಮಾಡುವ ಉದ್ಯೋಗ. ಅದಕ್ಕೆ ಬಳಸುವುದು ಎಕ್ಸ್‌ಎಂಎಲ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಮದುವೆಮನೆಯ ಪಾತ್ರೆಗಳು ಕಲೆತುಹೋಗದಿರಲೆಂದು ಒಂದೊಂದರ ಮೇಲೂ ಹೆಸರು ಕೆತ್ತಿಸುತ್ತೇವಲ್ಲ, ಹಾಗೆ ಮಾತಿನ ಒಂದೊಂದು ತುಂಡಿಗೂ ಇದು ಪದ, ಇದು ಅರ್ಥ, ಇದು ಇಂಥ ಊರಿನದು ಎಂದು ಹೆಸರು ಹಚ್ಚಿಡುವುದು, ಅಷ್ಟೆ. ಸ್ಟೈಲ್‌ಶೀಟ್ ಎಂಬ ಇನ್ನೊಂದು ಫೈಲು ಅದನ್ನೆಲ್ಲ ಓದಿ ಪುಟವಾಗಿ ಜೋಡಿಸುತ್ತದೆ.

ಅವ್ವ ಕಣ್ಣೆದುರಿಗೇ ಇದ್ದುದರಿಂದ ಅವಳ ಪದಗಳು ಮೊದಲು ಸೇರಿದವು. ಅತ್ತೆ ದಿನಾ ತಿಂಡಿಯ ಹೊತ್ತಿಗೆ ಮೊಬೈಲಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಅವರ ಪದ ಬಂದಾಗ ಅದೇ ಅರ್ಥದ್ದು ಆಗಲೇ ಇದ್ದರೆ, ಅರ್ಥವನ್ನು ಮತ್ತೆ ಯಾಕೆ ಬರೆಯುವುದೆಂದು ನಾನು ಹಳೆಯ ಪದದ ಹೆಸರು ಬರೆದು ‘ನೋಡಿ’ ಎಂದು ಹಾಕುತ್ತಾ ಹೋದೆ. ಒಂದಿಷ್ಟು ಪುಟ ಮುದ್ರಿಸಿ ಉಳವಿಗೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಆಮೇಲೆ ಸುಮಾಳಿಗೆ ಫೋನು ಬಂತು.

‘ಚೊಂಬು, ತಂಬಿಗೆ ನೋಡಿ. ಹಿಡಿ, ಕಸಬರಿಗೆ ನೋಡಿ. ಇದೆಂಥದು ಮಾರಾಯ್ತಿ? ನಮ್ಮನೆ ಸಾಮಾನೆಲ್ಲ ಹೋಗಿ ಅವರ ಮನೆ ಸಾಮಾನು ನೋಡ್ಕೊಂಡು ನಿಂತಿರ್ಬೇಕಾ? ಅವರ ತಂಬಿಗೆ ಒಂದು ಸಲನಾದ್ರೂ ನಮ್ಮ ಚೊಂಬು ನೋಡಿದ್ಯಾ?’

ಇಲ್ಲ, ನೋಡಿರಲಿಲ್ಲ. ನಾನು ಪುಟಗಳನ್ನು ತಿರುವಿದೆ. ಉಳವಿಯ ಪದಗಳೆಲ್ಲ ಉಡುತಡಿಯ ಕಡೆಗೆ ಮುಖಮಾಡಿ ನಿಂತಿದ್ದವು. ಉಡುತಡಿಯ ಪದಗಳು ಯಾರನ್ನೂ ನೋಡದೆ ಯಜಮಾನಿಕೆಯಿಂದ ಕೂತಿದ್ದವು. ಅಂದಿನಿಂದ ಅತ್ತೆ ಪದ ಕಳಿಸುವುದು ನಿಂತಿತು. ಸೊಸೆ ಮನೆಯವರು ಮುನಿದರಲ್ಲ ಎಂದು ಅವ್ವ ತನ್ನ ಪದಗಳನ್ನೂ ನಿಲ್ಲಿಸಿದಳು. ಸುಮಾ ಉಪ್ಪಿಟ್ಟು ಬಡಿಸುವಾಗ ನನ್ನ ತಟ್ಟೆಯನ್ನು ಮಾತ್ರ ನೋಡುತ್ತಿದ್ದಳು.

ಒಂದೊಂದಾಗಿ ಕೈಯಲ್ಲೇ ತಿದ್ದಬಹುದಿತ್ತು. ಆದರೆ ಪುಸ್ತಕ ಬೆಳೆಯುತ್ತಲೇ ಇರುವಂಥದು, ಪ್ರತಿ ಪದಕ್ಕೂ ಎರಡು ಕಡೆ ತಿದ್ದುವುದೆಂದರೆ ಯಾವತ್ತಾದರೂ ಒಂದು ತಪ್ಪಿಯೇ ತಪ್ಪುತ್ತದೆ, ಮತ್ತೆ ಫೋನು ಬರುತ್ತದೆ. ಸ್ಟೈಲ್‌ಶೀಟೇ ಇದನ್ನು ಮಾಡಬೇಕು. ತೊಂದರೆ ಏನೆಂದರೆ, ಸ್ಟೈಲ್‌ಶೀಟು ತಾನು ಬರೆದದ್ದನ್ನು ತಾನೇ ತಿರುಗಿ ಓದುವುದಿಲ್ಲ. ತಂಬಿಗೆಯ ಸಾಲನ್ನು ಬರೆದು ಮುಂದೆ ಹೋಯಿತೆಂದರೆ ಹೋಯಿತು. ಅದಕ್ಕಾಗಿ ಕೆಲಸವನ್ನು ಎರಡು ಸುತ್ತು ಮಾಡಿದೆ. ಮೊದಲ ಸುತ್ತಿನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆಂದು ಪತ್ತೆಹಚ್ಚಿ, ನೋಡಿಸಿಕೊಂಡವರ ಬಳಿಯೂ ಒಂದು ‘ನೋಡಿ’ ಬರೆಸುವುದು. ಅದರ ಫಲವನ್ನು ಕಾಗದಕ್ಕೆ ಬಿಡದೆ ವೇರಿಯಬಲ್ಲು ಎಂಬ ತಾತ್ಕಾಲಿಕ ಡಬ್ಬಿಯಲ್ಲಿ ಹಿಡಿದಿಡುವುದು. ಎರಡನೆಯ ಸುತ್ತು ಆ ವೇರಿಯಬಲ್ಲನ್ನೇ ಹೊಸ ಫೈಲೆಂದು ತಿಳಿದು ಓದಿ ಪುಟ ಕಟ್ಟುವುದು. ಪದವನ್ನು ಹುಡುಕಲು ಪ್ರತಿ ಸಲ ಫೈಲನ್ನೆಲ್ಲ ಸುತ್ತಬಾರದಲ್ಲ, ಅದಕ್ಕೆ ಕೀ ಎಂಬ ಸೌಕರ್ಯವಿದೆ: ಹೆಸರು ಕೊಟ್ಟರೆ ನೆಟ್ಟಗೆ ಆ ಪದದ ಮುಂದೆಯೇ ತಂದು ನಿಲ್ಲಿಸುತ್ತದೆ.

ಎಲ್ಲ ಬರೆದು ಕಂಪ್ಯೂಟರಿನಲ್ಲಿ ಓಡಿಸಿದೆ. ತಪ್ಪೆಂದು ಎಲ್ಲೂ ತೋರಿಸಲಿಲ್ಲ. ತಪ್ಪು ತೋರಿಸದ್ದೆಲ್ಲ ಸರಿಯಿದೆ ಎಂದುಕೊಳ್ಳುವ ವಯಸ್ಸು ನನ್ನದಲ್ಲ, ಆದರೂ ಅಂದುಕೊಂಡೆ. ಮುದ್ರಿಸಿದ ಪುಟಗಳನ್ನು ಓದಿಯೂ ನೋಡದೆ, ಲ್ಯಾಪ್‌ಟಾಪನ್ನೂ ಹೆಗಲಿಗೇರಿಸಿ ಬಸ್ಸು ಹತ್ತಿ, ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಗೆ ಹೋದೆ. ಅತ್ತೆ ಮಜ್ಜಿಗೆ ಕೊಟ್ಟರು, ಕನ್ನಡಕ ಹಾಕಿಕೊಂಡರು, ನೇರವಾಗಿ ತಂಬಿಗೆಯ ಪುಟ ತೆಗೆದರು. ಬಹಳ ಹೊತ್ತು ನೋಡಿದರು. ಆಮೇಲೆ ಪುಟವನ್ನು ನನ್ನ ಕಡೆ ತಿರುಗಿಸಿದರು. ತಂಬಿಗೆ ಹಿಂದಿನಂತೆಯೇ ಯಾರನ್ನೂ ನೋಡದೆ ಕೂತಿತ್ತು. ಅತ್ತೆ ಕನ್ನಡಕ ತೆಗೆದಿಟ್ಟರು. ಇನ್ನೊಂದು ಲೋಟ ಮಜ್ಜಿಗೆ ಬೇಕಾ ಎಂದು ಮಾತ್ರ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ವಾಪಸು ಬರುವಾಗ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಶಿಕಾರಿಪುರದ ಬಸ್ಸು ಹೊರಡುವಂತೆ ಕಾಣಲಿಲ್ಲ. ಕಂಡಕ್ಟರು ಟೀ ಕುಡಿಯಲು ಹೋಗಿದ್ದ. ಬಸ್ಸಿನಲ್ಲೇ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಮೊದಲ ಸುತ್ತು ಸರಿಯಿತ್ತು. ವೇರಿಯಬಲ್ಲಿನೊಳಗೆ ತಂಬಿಗೆ ಚೊಂಬನ್ನು ನೋಡುತ್ತಲೇ ಇತ್ತು. ಆದರೆ ಎರಡನೆಯ ಸುತ್ತಿನಲ್ಲಿ ನಾನು ನಿಂತಿದ್ದುದೇ ಹಳೆಯ ಫೈಲಿನಲ್ಲಿ. ಕೀ ಎಂಬುದು ಬೇರೆ ಹೇಳದಿದ್ದರೆ ನಾವು ನಿಂತ ಮನೆಯಲ್ಲೇ ಹುಡುಕುತ್ತದೆ. ಅದು ಪಾಪ, ಹಳೆಯ ಫೈಲಿಗೇ ಹೋಗಿ ಹಳೆಯ ತಂಬಿಗೆಯನ್ನೇ ನಿಷ್ಠೆಯಿಂದ ತಂದುಕೊಟ್ಟಿತ್ತು. ಕೀಗೆ ಪದದ ಹೆಸರಿನ ಜೊತೆಗೆ ಯಾವ ಮನೆಯಲ್ಲಿ ಹುಡುಕಬೇಕೆಂದೂ ಹೇಳಲು ಅವಕಾಶವಿದೆ. ಅಲ್ಲಿ ಆ ವೇರಿಯಬಲ್ಲಿನ ಹೆಸರು ಸೇರಿಸಿದೆ. ಸೇರಿಸಿದ್ದು ಅದೊಂದೇ ಹೆಸರು.

ಓಡಿಸಿದೆ. ಪರದೆಯ ಮೇಲೆ ಪುಟಗಳು ಬಂದವು. ತಂಬಿಗೆ: ಚೊಂಬು ನೋಡಿ. ಕಸಬರಿಗೆ: ಹಿಡಿ ನೋಡಿ. ನಳ: ನಲ್ಲಿ ನೋಡಿ. ಕೆಳಗೆ ಹೋದಷ್ಟೂ ಪದಗಳು ಒಂದೊಂದಾಗಿ ಮುಖ ತಿರುಗಿಸಿ ಎದುರಿನ ಊರನ್ನು ನೋಡುತ್ತಿದ್ದವು. ಅವುಗಳಲ್ಲಿ ಒಂದನ್ನೂ ನಾನು ಕೈಯಾರೆ ಬರೆದಿರಲಿಲ್ಲ. ಜೊತೆಯಿಲ್ಲದ ಪದಗಳೂ ಅಲ್ಲಲ್ಲಿ ಒಂಟಿಯಾಗಿ ಎದ್ದು ಕಂಡವು: ಕುರಿಗಳಿಗೆ ಅವ್ವನ ಕಡೆಯವರು ಇಟ್ಟ ಹೆಸರುಗಳು, ಗದ್ದೆಯ ನೀರಿಗೆ ಅತ್ತೆಯ ಕಡೆಯವರು ಇಟ್ಟ ಹೆಸರುಗಳು. ನಡುವೆ ಎರಡು ಬಸ್ಸಿನ ದಾರಿ ಅಷ್ಟೆ. ಅದರ ಆ ತುದಿಯಲ್ಲೊಬ್ಬಳು, ಈ ತುದಿಯಲ್ಲೊಬ್ಬಳು ಇಷ್ಟನ್ನೆಲ್ಲ ತಲೆಯಲ್ಲಿಟ್ಟುಕೊಂಡು ದಿನಾ ಅನ್ನ ಬಸಿಯುತ್ತಾ ಇದ್ದರಲ್ಲ ಎನ್ನಿಸಿ ಮೈ ಜುಮ್ಮೆಂದಿತು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಏನ್ರೀ ಹುಷಾರಿಲ್ವೇನ್ರೀ ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದೆ, ಅವರು ನಂಬಲಿಲ್ಲ, ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಮನೆಗೆ ಬಂದು ಪುಟಗಳನ್ನು ಮುದ್ರಿಸಿ ಅವ್ವನಿಗೆ ತೋರಿಸಿದೆ. ಅವಳು ಓದಿ, ತಾನೇ ಫೋನು ತೆಗೆದು ಬೀಗಿತ್ತಿಗೆ ಮಾಡಿದಳು. ‘ನಮ್ಮ ತಂಬಿಗಿ ನಿಮ್ಮ ಚೊಂಬು ನೋಡಾಕತ್ತೈತ್ರೀ. ಬಂದು ನೀವೂ ನೋಡ್ರಿ’ ಎಂದಳು.

ಅತ್ತೆ ಆ ಭಾನುವಾರವೇ ಬಂದರು. ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಪುಟ ಹರಡಿ ಕೂತರು. ಒಬ್ಬರು ಒಂದು ಪದ ಓದುವುದು, ಇನ್ನೊಬ್ಬರು ಅದರ ಜೊತೆಯ ಪದ ಹುಡುಕುವುದು. ನಡುವೆ ಯಾವುದೋ ಅಜ್ಜಿಯ ನೆನಪು, ಯಾವುದೋ ಸತ್ತ ಎಮ್ಮೆಯ ಗುಣಗಾನ. ಕಾಫಿ ಆರಿಹೋಯಿತು. ನಾನು ಪಕ್ಕದ ಕುರ್ಚಿಯಲ್ಲಿ ಕೂತು, ಯಾರಾದರೂ ಇದನ್ನೆಲ್ಲ ಹೇಗೆ ಮಾಡಿದೆ ಎಂದು ಕೇಳಿಯಾರೆಂದು ಕಾಯುತ್ತಿದ್ದೆ. ಕೇಳಿದರೆ ಎರಡು ಸುತ್ತಿನ ಸೂಕ್ಷ್ಮವನ್ನು ಸರಳ ಕನ್ನಡದಲ್ಲಿ ಹೇಳಲು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಕೊನೆಗೂ ಅವ್ವ ತಲೆಯೆತ್ತಿ, ಇದನ್ನೆಲ್ಲ ಕಂಪ್ಯೂಟರೇ ಮಾಡ್ತಾ ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅತ್ತೆ ಪುಟದಿಂದ ಕಣ್ಣು ತೆಗೆಯದೆ ಹೇಳಿದರು: ‘ಮತ್ತೆ? ಅಳಿಯಂದ್ರು ಆವಾಗ್ಲಿಂದ ಬಾಯಿ ಬಿಟ್ಕೊಂಡು ಸುಮ್ನೆ ಕೂತಿದಾರೆ, ಕಾಣ್ತಿಲ್ವಾ?’

ಬಾಯಿ ಮುಟ್ಟಿ ನೋಡಿಕೊಂಡೆ. ತೆರೆದೇ ಇತ್ತು.