ಎದುರು ಗುಡ್ಡದಿಂದ ಒಂದೇ ಈಡು

ಲೆಕ್ಕ ಕಲಿತವನಿಗೆ ಹೆದರಿಕೆ ಕಡಿಮೆ ಎಂದು ಜನ ಯಾಕೆ ನಂಬುತ್ತಾರೋ ತಿಳಿಯದು. ಮದರಾಸಿಗೆ ಹೋಗಿ ಸಂಭವನೀಯತೆ ಓದುವ ಮೊದಲು ನನಗೆ ಬರೀ ಹೆದರಿಕೆಯಾಗುತ್ತಿತ್ತು. ಓದಿದ ಮೇಲೆ ಅದು ಭಿನ್ನರಾಶಿಯ ರೂಪದಲ್ಲಿ ಬರತೊಡಗಿತು. ನೆನಪನ್ನೂ ನಾನು ಪೂರ್ತಿ ನಂಬುವವನಲ್ಲ. ಆ ದಿನ ಮಳೆ ಬರುತ್ತಿತ್ತು ಎಂದು ಬರೆದರೆ, ಕೊಡಗಿನ ಆಷಾಢದಲ್ಲಿ ಮಳೆ ಬಂದಿರಲೇಬೇಕು ಎಂಬ ಊಹೆಯೂ ಅದರಲ್ಲಿ ಬೆರೆತಿರುತ್ತದೆ.

ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ನಾನು ಗೋಣಿಕೊಪ್ಪಲಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಕೋವಿಯಿಂದ ಒಂದು ಈಡು ಹಾರಿಸುತ್ತಾರೆ, ಸಾವಾದರೆ ಬೆನ್ನುಬೆನ್ನಿಗೆ ಎರಡು. ಹೆಣ್ಣು ಹುಟ್ಟಿದರೆ ಕಂಚಿನ ತಟ್ಟೆ ಬಡಿಯುತ್ತಾರೆ. ಆ ಸದ್ದು ಅಂಗಳ ದಾಟುವುದಿಲ್ಲ. ಎರಡು ಈಡು ಕೇಳಿಸಿತೆಂದರೆ ಸುತ್ತಿನವರು ಗದ್ದೆಯ ಕೆಲಸವನ್ನು ಅಲ್ಲೇ ಬಿಟ್ಟು, ಬಿಳಿ ಉಟ್ಟು ಹೊರಡಬೇಕು. ಎದುರು ಗುಡ್ಡದಲ್ಲಿ ತಂಗಿ ಸೀತೆಯ ಗಂಡನ ಮನೆ. ಎರಡು ಹೆಣ್ಣಾದ ಮೇಲೆ ಮೂರನೆಯದಕ್ಕೆ ಅವಳಿಗೆ ದಿನ ತುಂಬಿತ್ತು. ಈ ಸಲ ಕಷ್ಟವಿದೆ ಎಂದು ಸೂಲಗಿತ್ತಿ ಹೇಳಿದ್ದಳು. ಅದೇ ಮನೆಯ ಒಳಕೋಣೆಯಲ್ಲಿ ಅವಳ ಮಾವ ಉಬ್ಬಸದಿಂದ ಇವತ್ತೋ ನಾಳೆಯೋ ಎಂಬಂತಿದ್ದರು. ಅಲ್ಲೇ ಇದ್ದ ಅವ್ವ ಹಸು ಕರೆಯಲೆಂದು ಆ ಬೆಳಿಗ್ಗೆಯಷ್ಟೇ ನಮ್ಮ ಮನೆಗೆ ಬಂದಿದ್ದಳು.

ಮಧ್ಯಾಹ್ನ ಒಂದು ಈಡು ಕೇಳಿಸಿತು. ಕಾದೆವು. ಎರಡನೆಯದು ಬರಲಿಲ್ಲ.

"ಗಂಡು!" ಎಂದು ಅವ್ವ ಎದ್ದೇಬಿಟ್ಟಳು.

"ಸ್ವಲ್ಪ ತಡಿ ಅವ್ವ. ಎರಡು ಹೊಡೆಯೋಕೆ ಹೋಗಿ ಒಂದು ಹಾರದೆ ಇದ್ದಿರಬಹುದು."

ಸೀತೆಯ ಗಂಡ ಪೊನ್ನಪ್ಪನೊಡನೆ ಹಂದಿ ಬೇಟೆಗೆ ಹೋಗಿದ್ದಾಗ, ತೇವ ಹಿಡಿದ ತೋಟೆಗಳು ಕೋವಿಯಲ್ಲೇ ಠುಸ್ಸೆಂದದ್ದು ನನಗೆ ನೆನಪಿತ್ತು. ಐದರಲ್ಲಿ ಒಂದೋ, ಅರ್ಧಕ್ಕರ್ಧವೋ? ಅಲ್ಲೇ ನೆನಪು ಕೈಕೊಟ್ಟಿತು. ಹುಟ್ಟಿಗೂ ಸಾವಿಗೂ ಸಮಾನ ಅವಕಾಶ ಎಂದಿಟ್ಟುಕೊಂಡೆ. ಅರ್ಧಕ್ಕರ್ಧ ಕೆಟ್ಟಿದ್ದರೆ ಒಂಟಿ ಸದ್ದಿನಿಂದ ಏನೂ ತಿಳಿಯದು, ಸಮಸಮ. ಐದರಲ್ಲಿ ಒಂದು ಕೆಟ್ಟಿದ್ದರೆ, ಇಪ್ಪತ್ತೈದು ಗಂಡು ಹುಟ್ಟಿದಾಗ ಇಪ್ಪತ್ತು ಸಲ ಒಂದು ಸದ್ದು ಕೇಳುತ್ತದೆ. ಇಪ್ಪತ್ತೈದು ಸಾವಾದಾಗ ಹದಿನಾರು ಸಲ ಎರಡೂ ಹಾರುತ್ತವೆ, ಎಂಟು ಸಲ ಒಂದೇ ಹಾರುತ್ತದೆ, ಒಂದು ಸಲ ಊರಿಗೆ ಸುದ್ದಿಯೇ ಇಲ್ಲ. ಹಾಗಾಗಿ ಒಂಟಿ ಸದ್ದು ಇಪ್ಪತ್ತೆಂಟು ಸಲ, ಅದರಲ್ಲಿ ಎಂಟು ಸಾವು. ಏಳರಲ್ಲಿ ಎರಡು. ಯಾರ ಸಾವು ಎಂದು ಮಾತ್ರ ನಾನು ಬಿಡಿಸಲಿಲ್ಲ. ಬಿಡಿಸಿದ್ದರೆ ಒಂದು ಪಾಲಿಗೆ ಸೀತೆಯ ಹೆಸರು ಹಾಕಬೇಕಾಗುತ್ತಿತ್ತು.

"ಏಳರಲ್ಲಿ ಐದು ಪಾಲು ಗಂಡೇ ಅವ್ವ."

"ಹಾಗಾದ್ರೆ ಸೀರೇಲಿ ಎರಡು ಪಾಲು ಬಿಳಿದು ಉಡ್ಲಾ? ಒಂದು ಹಾರದಿದ್ರೆ ಇನ್ನೊಂದು ತುಂಬ್ಸಲ್ವಾ? ಪೊನ್ನಪ್ಪ ಏನು ನಿನ್ನ ಹಾಗೆ ಲೆಕ್ಕ ಹಾಕ್ತಾ ಕೂರ್ತಾನಾ?"

ಬದಲಿ ತೋಟೆಯ ವಿಷಯ ನನಗೆ ಹೊಳೆದಿರಲಿಲ್ಲ. ಅದನ್ನು ಸೇರಿಸಿದರೆ ಸಾವಿನ ಪಾಲು ಇನ್ನೂ ಇಳಿಯುತ್ತಿತ್ತು. ಅವ್ವ ಕೆಂಪು ರೇಷ್ಮೆ ಉಟ್ಟಳು. ನಾನು ಕರಿಯ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಹಬ್ಬದ ಕೆಂಪು ಚೇಲೆ ಕಟ್ಟಿದೆ. ಗುಡ್ಡ ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ ಅವ್ವ ನನ್ನ ತೋಳು ಹಿಡಿದು ನಿಂತಳು.

"ಏಳರಲ್ಲಿ ಎಷ್ಟು ಅಂದೆ?"

"ಐದು."

"ಇನ್ನೊಂದ್ಸಲ ಹಾಕಿ ನೋಡು."

ಜಗಲಿಯಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿ ಒಂದು ಹೆಣ ಮಲಗಿಸಿದ್ದರು. ಒಳಗೆ ಎಳೆಮಗು ಅಳುತ್ತಿತ್ತು. ಯಾವ ಲೆಕ್ಕವೂ ನನ್ನ ನೆರವಿಗೆ ಬರಲಿಲ್ಲ. ಅವ್ವ ಮೆಟ್ಟಿಲ ಮೇಲೆಯೇ ಕುಸಿದಳು. ಪೊನ್ನಪ್ಪ ಹೊರಗೆ ಬಂದು, "ಅಪ್ಪ ಹೋದ್ರು ಭಾವ" ಎಂದ. ಒಳಗಿನಿಂದ ಸೀತೆಯ ದನಿ, ತೀರಾ ಸಣ್ಣಗೆ: "ಅವ್ವ ಬಂದ್ಲಾ?"

ಮಗು ಹುಟ್ಟಿದ್ದಕ್ಕೆ ತೋಟೆ ಹಾರಿತ್ತು. ಸ್ವಲ್ಪ ಹೊತ್ತಿಗೆ ಮುದುಕರು ತೀರಿಕೊಂಡಾಗ ಮನೆಯಲ್ಲಿ ಉಳಿದಿದ್ದ ಎರಡೂ ಠುಸ್ಸೆಂದಿದ್ದವು. ಹುಟ್ಟೋ ಸಾವೋ ಎಂದು ಪಾಲು ಹಾಕುತ್ತ ಕೂತ ನನಗೆ, ಎರಡೂ ಒಂದೇ ಮಧ್ಯಾಹ್ನ ಒಂದೇ ಮನೆಗೆ ಬಂದಾವು ಎಂದು ತೋಚಿರಲಿಲ್ಲ.

"ನಮ್ಮಲ್ಲಿ ಒಂದು ತೋಟೆ ಉಂಟು, ತರ್ಲಾ?" ಎಂದೆ.

"ಒಂದು ಹೊಡೆದ್ರೆ ಊರವರು ಅವಳಿ ಅಂದ್ಕೊಳ್ತಾರೆ ಭಾವ" ಎಂದು ಪೊನ್ನಪ್ಪ ನಕ್ಕ. ಆಮೇಲೆ ಅಳತೊಡಗಿದ.

ಹೆಣ ಎತ್ತಲು ಜನ ಬೇಕು, ಊರಿಗೆ ಸುದ್ದಿಯಿಲ್ಲ. ಮನೆಮನೆಗೆ ಹೋಗಿ ಹೇಳುವ ಕೆಲಸ ನನಗೇ ಬಿತ್ತು, ಅದೂ ಆ ಕೆಂಪು ಚೇಲೆಯಲ್ಲಿ. ಮೊದಲ ಮನೆಯವರು ದೂರದಿಂದಲೇ, "ಬನ್ನಿ ಮೇಷ್ಟ್ರೇ, ಈಡು ಕೇಳ್ತು! ಗಂಡಲ್ವಾ?" ಎಂದು ಕೈಗೆ ಬ್ರಾಂದಿ ಕೊಟ್ಟರು. "ತೀರಿಹೋದ್ರು" ಎಂದೆ. ಸೀತೆಯೇ ಹೋದಳೆಂದುಕೊಂಡು ಆ ಮನೆಯ ಹೆಂಗಸರು ಎದೆ ಬಡಿದುಕೊಂಡರು. ಅಲ್ಲಿಂದ ಮುಂದೆ ನಾನು ಕ್ರಮ ಬದಲಿಸಿದೆ. ಮೊದಲು ಗಂಡುಮಗು, ತಾಯಿ ಕ್ಷೇಮ. ಕೊಟ್ಟದ್ದನ್ನು ಕುಡಿದು ಮುಗಿಸಿದ ಮೇಲೆ ಸಾವು. ಈ ಪದ್ಧತಿ ಚೆನ್ನಾಗಿಯೇ ನಡೆಯಿತು. ಕೊನೆಯ ಮನೆಯಲ್ಲಿ ಎರಡನೆಯ ಸುದ್ದಿಯನ್ನೂ ಹೇಳಿದೆನೆಂದೇ ನನ್ನ ನೆನಪು. ಆದರೆ ಆ ಮನೆಯವರೊಬ್ಬರೂ ಸುಡುವುದಕ್ಕೆ ಬರಲಿಲ್ಲ. ಮರುದಿನ ನಗುನಗುತ್ತ, ಮಗುವಿಗೆಂದು ಜೇನಿನ ಕುಪ್ಪಿ ಹಿಡಿದುಕೊಂಡು ಬಂದರು.