ಬಾಯಿ ಬಿಡದ ಕಪ್ಪೆಚಿಪ್ಪು

ಮಾತು ಕಡಿಮೆ ಇರುವ ಗಂಡಸನ್ನು ಕಂಡರೆ ನಮ್ಮ ಕಡೆ ಎಲ್ಲರಿಗೂ ಅದೇನೋ ಭಕ್ತಿ. ನನ್ನನ್ನು ನೋಡಲು ಬಂದ ಮಿಡಿಗೇಶಿಯ ವರ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಒಂದು ಮಾತೂ ಆಡದೆ ಎದ್ದು ಹೋದಾಗ ನಮ್ಮ ಬರಗೂರಿನ ಮನೆಯಲ್ಲಿ "ಏನು ಗಂಭೀರ, ಏನು ಗಂಭೀರ" ಎಂದು ಹೊಗಳಿದ್ದೇ ಹೊಗಳಿದ್ದು. ಆ ಗಾಂಭೀರ್ಯದ ಜೊತೆ ಮಧುಗಿರಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಒಳಗೆ ಮುತ್ತು ಇರಬಹುದೆಂದು ಕೆರೆಯ ಕಪ್ಪೆಚಿಪ್ಪನ್ನು ಮನೆಗೆ ತಂದುಕೊಂಡವಳ ಗತಿ ಏನಾಗುತ್ತದೋ ಅದೇ ನನಗೂ ಆಗಿದೆ.

ಕಪ್ಪೆಚಿಪ್ಪಿಗೆ ಹೋಲಿಸಿದ್ದಕ್ಕೆ ನಿಜವಾದ ಕಪ್ಪೆಚಿಪ್ಪಿನ ಕ್ಷಮೆ ಕೇಳಬೇಕು. ನಮ್ಮ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ನನಗೂ ಇಲ್ಲ. ಹಾಲಿನ ಪಾತ್ರೆಯ ತಳ ಕೆರೆಯಲು ಅದೇ ಬೇಕು, ತೊಕ್ಕಿಗೆ ಮಾವಿನಕಾಯಿ ಹೆರೆಯಲೂ ಅದೇ ಬೇಕು. ಚಿಪ್ಪಿನ ಬೆನ್ನನ್ನು ಒಗೆಯುವ ಕಲ್ಲಿನ ಮೇಲೆ ಉಜ್ಜುತ್ತಾ ಹೋದರೆ ನಡುವೆ ತೂತು ಬೀಳುತ್ತದೆ. ಆ ತೂತಿನ ಅಂಚು ಕಾಯಿಯ ಸಿಪ್ಪೆಯನ್ನು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಎಬ್ಬಿಸುತ್ತದೆ. ನಾನು ತಂದ ಪೀಲರನ್ನು ನಮ್ಮ ಜೊತೆಯಲ್ಲೇ ಇರುವ ಅತ್ತೆ ಒಂದೇ ಮಾತಿನಲ್ಲಿ ಅಟ್ಟಕ್ಕೆ ಹತ್ತಿಸಿದರು. "ಕಬ್ಣ ಮುಟ್ಟುದ್ರೆ ಕಾಯಿ ಕಪ್ಪಾಯ್ತದೆ ಕಣಮ್ಮ, ಅದ್ನ ಆ ಕಡಿಕ್ಕೆ ಬುಡು." ಅದು ಸ್ಟೀಲು ಅತ್ತೆ ಎಂದರೆ, ಸ್ಟೀಲು ಕಬ್ಬಿಣದ ತಮ್ಮನಲ್ಲವೇ ಎಂದು ನನಗೇ ಪಾಠ ಮಾಡಿದರು.

ಇದನ್ನು ಕಚೇರಿಯಲ್ಲಿ ಹೇಳಿಕೊಂಡು ನಕ್ಕಾಗ ಮಂಗಳೂರಿನ ಕಡೆಯ ಸಹೋದ್ಯೋಗಿ ಒಬ್ಬರು ಬಾಯಿ ಚಪ್ಪರಿಸಿದರು. ಅವರ ಕಡೆ ಇದರ ಸಮುದ್ರದ ನೆಂಟನಿಗೆ ಮರುವಾಯಿ ಎಂದು ಹೆಸರಂತೆ, ಸಾರು ಮಾಡಿ ತಿನ್ನುತ್ತಾರಂತೆ. ಕುದಿಯುವ ನೀರಿಗೆ ಹಾಕಿದಾಗ ಬಾಯಿ ಬಿಟ್ಟದ್ದನ್ನು ಪಾತ್ರೆಗೆ ಹಾಕಿಕೊಂಡು, ಎಷ್ಟು ಕುದಿಸಿದರೂ ಬಾಯಿ ಬಿಡದ್ದನ್ನು ತಿಪ್ಪೆಗೆ ಎಸೆಯುತ್ತಾರಂತೆ. ಇಂಗ್ಲಿಷಿನವರಂತೂ ತುಟಿ ಬಿಚ್ಚದ ಮನುಷ್ಯನನ್ನು ಈ ಪ್ರಾಣಿಯ ಹೆಸರಿನಿಂದಲೇ ಕರೆಯುವುದುಂಟು. ಎಲ್ಲರೂ ವಿಚಾರವಂತರು. ಕುದಿಸಿದರೂ ಬಾಯಿ ಬಿಡದವನನ್ನು ಮನೆಯ ಯಜಮಾನನ ಕುರ್ಚಿಯಲ್ಲಿ ಕೂರಿಸುವುದು ನಾವು ಮಾತ್ರ.

ಈ ಬೇಸಿಗೆಯಲ್ಲಿ ನಮ್ಮವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಎಂದಾಯಿತು. ಆಪರೇಷನ್ ಆದ ಮೇಲೆ ಒಲೆಯ ಹತ್ತಿರ ಹೋಗಬಾರದು, ಹೊತ್ತು ಹೊತ್ತಿಗೆ ಔಷಧಿ ಬಿಡಬೇಕು. ಬರಗೂರಿನಲ್ಲಿ ತಮ್ಮನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನಮ್ಮ ಮನೆಗೇ ಬಂದಿರು ಎಂದು ಕರೆಯೋಣವೆಂದರೆ ಅವ್ವ ಮೊದಲೇ ಅಡ್ಡಗಾಲು ಹಾಕಿದಳು. "ಹೆಣ್ಣು ಕೊಟ್ಟ ಮನೇಲಿ ಅಂಗೆಲ್ಲಾ ಬಂದು ಕುಂತ್ಕಳಾಕಾಯ್ತದಾ? ಅಳಿಯಂದ್ರು ಬಾಯ್ಬಿಟ್ಟು ಬಾ ಅನ್ಲಿ, ಬತ್ತೀನಿ."

ಅಳಿಯಂದಿರು ಬಾಯಿ ಬಿಡಬೇಕಂತೆ! ನಾನು ಯಜಮಾನರಿಗೆ ಎಲ್ಲವನ್ನೂ ಹೇಳಿ, ನಂಬರ್ ಒತ್ತಿ, ಫೋನನ್ನು ಕಿವಿಗೇ ಹಿಡಿದೆ. "ಹೂಂ... ಚೆನ್ನಾಗಿದೀರಾ... ಹೂಂ... ಮಳೆ ಬಂತಾ... ಸರಿ, ಇಡ್ತೀನಿ." ಅಷ್ಟೇ. ಯಾಕ್ರೀ ಕರೆಯಲಿಲ್ಲ ಎಂದರೆ, "ಅಮ್ಮನ್ನ ಒಂದು ಮಾತು ಕೇಳ್ಬೇಕಲ್ಲ" ಎಂದರು. ಸರಿ, ಇವರು ಅತ್ತೆಯನ್ನು ಕೇಳಲಿ ಎಂದು ಭಾನುವಾರದವರೆಗೆ ಕಾದೆ. ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಮಿಡಿಗೇಶಿಗೆ ಹೋದ ಯಜಮಾನರು ಮಧ್ಯಾಹ್ನ ಮನೆಗೆ ಬಂದು ಟವೆಲ್ ಬಿಚ್ಚಿದರು. ಒಳಗೆ ಕೆರೆಯಂಗಳದಲ್ಲಿ ಆರಿಸಿದ ಕಪ್ಪೆಚಿಪ್ಪುಗಳು! ಅಮ್ಮನ ಮುಂದೆ ಮಾತು ತೆಗೆಯುವ ಮೊದಲು ಅಮ್ಮನನ್ನು ಖುಷಿಪಡಿಸುವ ಯೋಜನೆಯಂತೆ. ಸಂಜೆಯವರೆಗೆ ಕಲ್ಲಿಗೆ ಚಿಪ್ಪು ಉಜ್ಜುತ್ತಾ ಕೂತರು. ಅತ್ತೆಗೆ ಖುಷಿಯೂ ಆಯಿತು. ಚಿಪ್ಪುಗಳಿಗೆಲ್ಲ ತೂತು ಬಿತ್ತು, ಇವರ ಬಾಯಿ ಮಾತ್ರ ಹಾಗೇ ಇತ್ತು.

ಆಪರೇಷನ್ ಆಗಿಯೇ ಹೋಯಿತು. ತಮ್ಮನೇ ಕೆಲಸಕ್ಕೆ ರಜೆ ಹಾಕಿ, ಅನ್ನ ಸೀಯಿಸಿ, ಸಾರು ಉಕ್ಕಿಸಿ ನೋಡಿಕೊಂಡ. ಆಮೇಲೆ ವಿಷಯ ತಿಳಿದ ಅತ್ತೆ ನಡುಮನೆಯಲ್ಲಿ ಕೂತು ಕೂಗಾಡಿದರು. "ಬೀಗ್ತಿ ಬಂದಿರ್ಲಿ ಅಂದಿದ್ರೆ ನಾನೇನು ಬ್ಯಾಡ ಅಂತಿದ್ನಾ? ಬಾಯಾಗೆ ಏನು ಮಡಿಕ್ಕೊಂಡಿದ್ರಿ ಇಬ್ರೂವೆ?" ಯಜಮಾನರು "ಹೂಂ" ಎಂದರು. ಆ ಹೊತ್ತಿಗೆ ನನಗೆ ಬಂದ ಸಿಟ್ಟಿನಲ್ಲಿ ಮರುವಾಯಿ ಸಾರು ಆರಾಮಾಗಿ ಕುದಿಯುತ್ತಿತ್ತು.

ಮುಂದಿನ ವಾರ ತೊಕ್ಕಿನ ಬಾಟಲಿ ಹಿಡಿದು ಬರಗೂರಿಗೆ ಹೋದೆ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಅವಳ ಮುಂದೆ ಸುರಿದೆ. ಆ ಫೋನು, ಆ ಟವೆಲ್ಲು, ಆ ಹೂಂ, ಒಂದನ್ನೂ ಬಿಡಲಿಲ್ಲ. ಅವ್ವ ತೊಕ್ಕನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿ, "ಕಾಯಿ ಯಾರು ಹೆರೆದಿದ್ದು?" ಎಂದಳು.

"ಇನ್ಯಾರು, ನಿನ್ನ ಅಳಿಯ."

"ಒಂಚೂರೂ ಒಗರಿಲ್ಲ ಕಣಮ್ಮ. ಪಾಪ, ಅವ್ರಿಗೆ ಮಾತು ಬರಾಕಿಲ್ಲ ಅಂತ ನಿನ್ನ ನೋಡಾಕೆ ಬಂದ ದಿನ್ದಿಂದ್ಲೂ ನಂಗೆ ಗೊತ್ತು."

"ಗೊತ್ತಿದ್ದೂ ಅವರೇ ಕರೀಲಿ ಅಂತ ಯಾಕವ್ವ ಹಠ ಹಿಡಿದೆ?"

ಅವ್ವ ಕನ್ನಡಕವನ್ನು ಸರಿಮಾಡಿಕೊಂಡಳು. ಆಮೇಲೆ ಹೇಳಿದಳು, "ಅದೆಲ್ಲಾ ಬಾಯಿ ಮಾತು ಕಣಮ್ಮ. ಯಾರೂ ಕರೀದಿದ್ರೂ, 'ಇದು ನನ್ನ ಮನೆ, ನಾನ್ ಕರೀತಿವ್ನಿ, ಬಾರವ್ವ' ಅಂತ ನೀನಂತೀಯೇನೋ ಅಂತ ಕಾಯ್ತಿದ್ದೆ. ಬಟ್ಟೆನೂ ಚೀಲಕ್ಕೆ ತುಂಬಿಟ್ಟಿದ್ದೆ."

ಕಚೇರಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಕಂಡಕ್ಟರನ ಮುಂದೆ ಕೂಡ ಪಟಪಟ ಮಾತಾಡುವವಳು ನಾನು. ಉತ್ತರಕ್ಕೆಂದು ಬಾಯಿ ತೆರೆದೆ. ತೊಕ್ಕಿನ ಬಾಟಲಿಯ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸುತ್ತಾ, "ಹೂಂ" ಎಂದೆ.