ಭಾವನ ಮೀನು ಯಾವ ಜಾತಿ?

ಮನುಷ್ಯನ ಘನತೆ ಅವನು ಪ್ರಕೃತಿಯ ಮುಂದೆ ಎಷ್ಟು ಬಾಗುತ್ತಾನೆ ಎಂಬುದರಲ್ಲಿದೆ. ಆದರೆ ನನ್ನ ಭಾವ ಪಡೀಲಿನ ಹತ್ತಿರ ಹರಿಯುವ ಸಣ್ಣ ತೋಡಿನಲ್ಲಿ ಪಂಚೆ ಎತ್ತಿ ಕಟ್ಟಿ ಬಾಗಿದಾಗ ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಘನತೆಯಲ್ಲ!

ಭಾವ ಎಂದರೆ ಅಕ್ಕನ ಗಂಡ. ನಡೆಸುತ್ತಿದ್ದ ಚಹಾ ಹೋಟೆಲನ್ನು ಮಗಳಿಗೆ ಒಪ್ಪಿಸಿ, ಚಹಾ ಸೋಸುವ ಬಟ್ಟೆಯನ್ನು ಮಾತ್ರ ತಮ್ಮ ಪಾಲಿಗೆ ಇಟ್ಟುಕೊಂಡವರು. ತೋಡಿನ ಬೆರಳುದ್ದದ ಮೀನು ಹಿಡಿಯಲು ಅದಕ್ಕಿಂತ ಒಳ್ಳೆಯ ಬಲೆ ಇಲ್ಲವಂತೆ. ಒಮ್ಮೆ ಯಾರೋ ಸ್ಕೂಟರ್ ನಿಲ್ಲಿಸಿ ಕೇಳಿದರು:

“ಎಂತ ಬಿದ್ದುಹೋಯ್ತು? ಚಿನ್ನವಾ?”

“ಅಲ್ಲ, ಮೀನು ಹಿಡಿಯೂದು.”

“ಮಾರ್ಕೆಟಲ್ಲಿ ಬಂಗುಡೆ ಉಂಟಲ್ಲ ಮಾರಾಯ್ರೆ!”

ಹಿಡಿದ ಮೀನು ನೇರ ಕುಲಶೇಖರದಲ್ಲಿರುವ ಅವರ ಮನೆಯ ಗಾಜಿನ ಟ್ಯಾಂಕಿಗೆ. ಅಲ್ಲಿ ಭೂತಗನ್ನಡಿ ಹಿಡಿದು ವಿಚಾರಣೆ. ಮೀಸೆ ಇದೆಯೇ? ಬಾಲದ ಬುಡದಲ್ಲಿ ಚುಕ್ಕೆ ಇದೆಯೇ? ಮೈಮೇಲೆ ಉದ್ದಕ್ಕೆ ಹುರುಪೆ ಎಷ್ಟು? ಆರೋಪಿ ಮಾತ್ರ ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ.

“ಮೀನಿನಲ್ಲಿ ಎರಡೇ ಜಾತಿ,” ಎಂಬುದು ಅಕ್ಕನ ತೀರ್ಪು. “ಹುರೀಲಿಕ್ಕೆ ಆಗೂದು, ಪುಳಿಮುಂಚಿ ಸಾರಿಗೆ ಆಗೂದು. ನಿಮ್ಮದು ಹಲ್ಲಿನ ಸಂದಿಗೂ ಸಾಕಾಗ್ಲಿಕ್ಕಿಲ್ಲ!”

“ವಿಜ್ಞಾನಕ್ಕೆ ಹಲ್ಲಿಲ್ಲ ಮಾರಾಯ್ತಿ,” ಎಂದರು ಭಾವ, ಬಹಳ ಗಂಭೀರವಾಗಿ.

ಅಕ್ಕನ ಸಿಟ್ಟಿಗೆ ಕಾರಣವಿಲ್ಲದಿಲ್ಲ. ನಲ್ಲಿನೀರಿನ ಕ್ಲೋರಿನ್ ಮೀನಿಗೆ ಆಗದೆಂದು ಬಚ್ಚಲಿನ ಬಕೆಟುಗಳಲ್ಲೆಲ್ಲ ನೀರು ದಿನವಿಡೀ ವಿಶ್ರಾಂತಿ ಪಡೆಯುತ್ತದೆ. ನೆಂಟರು ಮುಟ್ಟುವ ಹಾಗಿಲ್ಲ. ಸ್ನಾನವಿಲ್ಲದೆ ಬೋಳಾರದ ನನ್ನ ಮನೆಗೆ ಮರಳಿದ ನೆಂಟ ನಾನೇ!

ಈ ಬೇಸಿಗೆಯಲ್ಲಿ ತೋಡು ಒಣಗಿತು. ಉಳಿದ ಒಂದು ಗುಂಡಿಯಲ್ಲಿ ಸಿಕ್ಕಿದ್ದು ಒಂದೇ ಮೀನು. ಎಣಿಸಿದಾಗಲೆಲ್ಲ ಅದರ ಹುರುಪೆಯ ಲೆಕ್ಕ ಬೇರೆ ಬೇರೆ! ಲೋಕಕ್ಕೇ ಗೊತ್ತಿಲ್ಲದ ಜಾತಿ ಇರಬಹುದೆಂದು ಭಾವ. ಮೊದಲು ನಿಮ್ಮ ಕಣ್ಣು ತೋರಿಸಿ ಎಂದು ಅಕ್ಕ. ಕಣ್ಣಿನ ಡಾಕ್ಟರು ಅಕ್ಕನ ಪಕ್ಷ ವಹಿಸಿ ಆಪರೇಷನ್ನಿಗೆ ದಿನ ಕೊಟ್ಟರು.

“ಮಳೆ ಬಂದ ಮೇಲೆ ತೋಡಿಗೇ ಬಿಡ್ತೇನೆ,” ಎಂದರು ಭಾವ ನನ್ನಲ್ಲಿ. “ಅಷ್ಟರವರೆಗೆ ಇದು ಬದುಕ್ಬೇಕು ಮಾರಾಯ. ಆ ತೋಡಲ್ಲಿ ಉಳಿದದ್ದು ಇದೊಂದೇ.”

ಹರಿಯುವ ನೀರಿನ ಮೀನಿಗೆ ನೀರಿನಲ್ಲಿ ಗಾಳಿ ಬೇಕು. ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ, ಭಾವ ಟ್ಯಾಂಕಿನ ನೀರನ್ನೇ ಮಗ್ಗಿನಲ್ಲಿ ತುಂಬಿ, ಕೈಯನ್ನು ತಲೆಯ ಮೇಲಕ್ಕೆತ್ತಿ, ಚಹಾ ಹೊಯ್ದ ಹಾಗೆ ನೊರೆ ಬರುವಂತೆ ಮತ್ತೆ ಟ್ಯಾಂಕಿಗೆ ಹೊಯ್ಯುತ್ತಿದ್ದರು. “ಸಕ್ಕರೆ ಎಷ್ಟೂಂತ ಮೀನಿಗೆ ಕೇಳಿ!” ಎಂದು ಅಡುಗೆಮನೆಯಿಂದ ಅಕ್ಕ.

ಆಪರೇಷನ್ನಿನ ದಿನ ಭಾವನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಮಧ್ಯಾಹ್ನ ಅಕ್ಕನನ್ನು ಕರೆದೊಯ್ಯಲು ಬಂದೆ. ಬೆಳಗ್ಗಿನಿಂದ ಕರೆಂಟಿಲ್ಲ. ಬಾಗಿಲು ತೆರೆದಿತ್ತು. ಅಕ್ಕ ಸ್ಟೂಲಿನ ಮೇಲೆ ನಿಂತು ಮಗ್ಗೆತ್ತಿ ಟ್ಯಾಂಕಿಗೆ ನೀರು ಹೊಯ್ಯುತ್ತಿದ್ದಳು. ಅರ್ಧ ಟ್ಯಾಂಕಿಗೆ, ಅರ್ಧ ಸೆರಗಿಗೆ.

“ಅಕ್ಕಾ, ನೀನಾ!”

“ಬಾಯಿ ಮುಚ್ಚು. ಪಟ್ಟಿ ಬಿಚ್ಚಿದ ಮೇಲೆ ಅವ್ರು ಮೊದ್ಲು ಹುಡುಕೂದು ಇದನ್ನೇ ಅಲ್ವಾ? ತಗೊ, ಸ್ವಲ್ಪ ನೀನು ಹೊಯ್ಯಿ. ನಂಗೆ ಕೈ ಬರೂದಿಲ್ಲ.”

ಕರೆಂಟು ಬರುವವರೆಗೆ ಹೊಯ್ದೆವು. ಸಂಜೆ ಭಾವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನ ಜೊತೆ ಮನೆಗೆ ಬಂದರು. ಮನೆಯಲ್ಲಿ ನೋವಿನ ಎಣ್ಣೆಯ ವಾಸನೆ; ಅಕ್ಕ ಭುಜ ತಿಕ್ಕಿಕೊಳ್ಳುತ್ತಿದ್ದಳು.

“ಭುಜಕ್ಕೆ ಎಂತ ಆಯ್ತು?” ಎಂದರು ಭಾವ.

“ತೆಂಗಿನಕಾಯಿ ತುರಿದದ್ದು.”

ಜೀವಮಾನವೆಲ್ಲ ಚಹಾ ಹೊಯ್ದವರಿಗೆ ಆ ನೋವು ಯಾವ ಕೆಲಸದ್ದೆಂದು ಗೊತ್ತಾಗದೇ? ಭಾವ ಟ್ಯಾಂಕಿನ ಕಡೆ ತಿರುಗಲಿಲ್ಲ. ಅಕ್ಕನ ಕೈಯಿಂದ ಎಣ್ಣೆಯ ಬಾಟಲಿ ತೆಗೆದುಕೊಂಡು, ಪಕ್ಕದಲ್ಲಿ ಕೂತು, ಭುಜ ತಿಕ್ಕತೊಡಗಿದರು.

ಜೂನ್‌ನಲ್ಲಿ ತೋಡು ತುಂಬಿತು. ಮೀನನ್ನು ಇಬ್ಬರೂ ಹೋಗಿ ಬಿಟ್ಟು ಬಂದರು. ಅದು ಯಾವ ಜಾತಿಯೆಂದು ಗೊತ್ತಾಗಲಿಲ್ಲ.